ಲಾರಿ ಬೇಕರರು ಕಟ್ಟಿದ ಮನೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಎರಡು ಕಾರ್ಯಗಳಲ್ಲಿಯೂ ಗೃಹಸ್ಥನು ತನ್ನ ಶಕ್ತಿಯನ್ನು ಮೀರಿ ಕೈಚಾಚುತ್ತಾನೆ. ಎರಡರಲ್ಲಿಯೂ ನೆರೆಯವರು ಏನೆಂದುಕೊಂಡಾರೋ ಎಂಬ ಅಳುಕು ಅವನ ಬುದ್ಧಿಯನ್ನು ಆಳುತ್ತದೆ. ಸಡಗರವೆಲ್ಲ ತೀರಿದ ಮೇಲೆ ಸಾಲವೊಂದು ಮನೆಯ ಮೂಲೆಯಲ್ಲಿ ಹಿರಿಯ ನೆಂಟನಂತೆ ಕುಳಿತುಬಿಡುತ್ತದೆ. ಗಾದೆಯು ಹುಟ್ಟಿ ಎಷ್ಟು ಕಾಲವಾಯಿತೋ ಬಲ್ಲವರಿಲ್ಲ; ಅದರ ಸತ್ಯವು ಮಾತ್ರ ಇನ್ನೂ ಹಳತಾಗಿಲ್ಲ.

ಈ ಗಾದೆಯ ಕಹಿಯನ್ನು ಸ್ವಲ್ಪವಾದರೂ ತಗ್ಗಿಸಬೇಕೆಂದು ತಮ್ಮ ಆಯುಸ್ಸಿನ ಬಹುಭಾಗವನ್ನು ಸವೆಸಿದ ಒಬ್ಬ ಮಹನೀಯರನ್ನು ನಾವು ಈ ಹೊತ್ತು ಸ್ಮರಿಸಬೇಕೆಂದಿದ್ದೇವೆ. ಅವರ ಪೂರ್ಣನಾಮ ಲಾರೆನ್ಸ್ ವಿಲ್‌ಫ್ರೆಡ್ ಬೇಕರ್. ಲೋಕವು ಅವರನ್ನು ಲಾರಿ ಬೇಕರ್ ಎಂದೇ ಕರೆಯಿತು. ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ, 1917ರ ಮಾರ್ಚಿ 2ರಂದು. ದೇಹವಿಟ್ಟದ್ದು ತಿರುವನಂತಪುರದಲ್ಲಿ, ತಮ್ಮ ಕೈಯಿಂದಲೇ ಕಟ್ಟಿಕೊಂಡ ಮನೆಯಲ್ಲಿ, 2007ರ ಏಪ್ರಿಲ್ 1ರಂದು. ನಡುವಣ ತೊಂಬತ್ತು ವರ್ಷಗಳಲ್ಲಿ ಅವರು ಎಷ್ಟು ಮನೆಗಳನ್ನು ಕಟ್ಟಿದರೆಂಬುದಕ್ಕಿಂತ, ಹೇಗೆ ಕಟ್ಟಿದರು, ಯಾರಿಗಾಗಿ ಕಟ್ಟಿದರು ಎಂಬುದೇ ನಮಗೆ ಮುಖ್ಯವಾದ ವಿಚಾರ.

ಬೇಕರರು ಬರ್ಮಿಂಗ್‌ಹ್ಯಾಮಿನಲ್ಲಿಯೇ ವಾಸ್ತುವಿದ್ಯೆಯನ್ನು ಕಲಿತು 1937ರಲ್ಲಿ ತೇರ್ಗಡೆಯಾದರು. ತಾರುಣ್ಯದಲ್ಲಿಯೇ ಅವರು ಕ್ವೇಕರರ ಪಂಥವನ್ನು ಸೇರಿದ್ದರು. 'ಮಿತ್ರರ ಸಂಘ'ವೆಂದು ತಮ್ಮನ್ನು ಕರೆದುಕೊಳ್ಳುವ ಈ ಜನ ಆಡಂಬರವಿಲ್ಲದ ಬಾಳುವೆಯನ್ನೂ, ಯಾವ ಕಾರಣಕ್ಕೂ ಆಯುಧವನ್ನು ಹಿಡಿಯದಿರುವುದನ್ನೂ ವ್ರತವಾಗಿ ಪಾಲಿಸುವವರು. ಎರಡನೆಯ ಮಹಾಯುದ್ಧವು ಬಂದಾಗ ಬೇಕರರು ಸೈನ್ಯವನ್ನು ಸೇರಲಿಲ್ಲ. ಹಾಗೆಂದು ಮನೆಯಲ್ಲಿಯೂ ಕೂಡಲಿಲ್ಲ. ಮಿತ್ರರ ಶುಶ್ರೂಷಾದಳದಲ್ಲಿ ಸೇರಿ ಚೀನಾ ದೇಶಕ್ಕೆ ಹೋಗಿ, ಅಲ್ಲಿ ಗಾಯಗೊಂಡವರ ಮತ್ತು ಕುಷ್ಠರೋಗಿಗಳ ಸೇವೆಯಲ್ಲಿ ನಿಂತರು. ಕಟ್ಟಡದ ನಕ್ಷೆಗಳನ್ನು ಬರೆಯಬೇಕಾಗಿದ್ದ ಕೈಗಳು ಹುಣ್ಣು ತೊಳೆಯುವುದನ್ನು ಮೊದಲು ಕಲಿತವು. ಮುಂದೆ ಅವರ ಕಟ್ಟಡಗಳಲ್ಲಿ ಕಾಣುವ ಒಂದು ಬಗೆಯ ಮೃದುತ್ವಕ್ಕೆ ಮೂಲವು ಇಲ್ಲಿಯೇ ಇದ್ದೀತೆಂದು ನಮಗೆ ತೋರುತ್ತದೆ.

ಚೀನಾದಿಂದ ಸ್ವದೇಶಕ್ಕೆ ಮರಳುವಾಗ ಅವರ ಆರೋಗ್ಯವು ಕೆಟ್ಟಿದ್ದಿತು. ಮುಂಬಯಿಯಲ್ಲಿ ಹಡಗಿಗಾಗಿ ಸುಮಾರು ಮೂರು ತಿಂಗಳು ಕಾಯಬೇಕಾಯಿತು. ಅವರಿಗೆ ಆಶ್ರಯ ಕೊಟ್ಟ ಕ್ವೇಕರ್ ಮಿತ್ರರು ಮಹಾತ್ಮಾ ಗಾಂಧಿಯವರಿಗೂ ಬೇಕಾದವರು. ಹೀಗೆ ಗಾಂಧಿಯವರ ಪರಿಚಯವಾಯಿತು. ತರುಣ ಬೇಕರರ ಕಾಲಲ್ಲಿದ್ದ ಪಾದರಕ್ಷೆಗಳು ಗಾಂಧಿಯವರ ಕಣ್ಣನ್ನು ಸೆಳೆದವಂತೆ. ಅವು ಚೀನಾದಲ್ಲಿ ಹಳೆಯ ಬಟ್ಟೆಯ ಚೂರುಗಳಿಂದ ಕೈಯಲ್ಲಿಯೇ ಮಾಡಿದ ಜೋಡುಗಳು. ಬಿಸಾಡುವ ವಸ್ತುವಿನಿಂದ ಬಾಳುವ ವಸ್ತುವನ್ನು ಮಾಡುವ ಆ ಜಾಣ್ಮೆ ಗಾಂಧಿಯವರಿಗೆ ಮೆಚ್ಚುಗೆಯಾದದ್ದು ಆಶ್ಚರ್ಯವಲ್ಲ. ಆದರ್ಶ ಗ್ರಾಮದ ಮನೆಯನ್ನು ಅದರ ಸುತ್ತಣ ಐದು ಮೈಲಿಗಳೊಳಗೆ ಸಿಕ್ಕುವ ಸಾಮಗ್ರಿಯಿಂದಲೇ ಕಟ್ಟಬೇಕೆಂದು ಗಾಂಧಿಯವರು ಹೇಳಿದ ಮಾತನ್ನು ಬೇಕರರು ಕೊನೆಯವರೆಗೂ ನೆನೆಯುತ್ತಿದ್ದರು. ಕೇಳಿದಾಗ ಅದು ಅವರಿಗೆ ಅಷ್ಟಾಗಿ ಒಪ್ಪಿಗೆಯಾಗಲಿಲ್ಲವೆಂದೂ, ವರ್ಷಗಳು ಕಳೆದಂತೆ ಅದರ ಅರ್ಥವು ಬೆಳೆಯುತ್ತ ಬಂದಿತೆಂದೂ ಅವರೇ ಹೇಳಿಕೊಂಡಿದ್ದಾರೆ.

1945ರಲ್ಲಿ ಬೇಕರರು ಕುಷ್ಠರೋಗಿಗಳ ಸೇವೆಯ ಸಂಸ್ಥೆಯೊಂದರ ವಾಸ್ತುಶಿಲ್ಪಿಯಾಗಿ ಪುನಃ ಭಾರತಕ್ಕೆ ಬಂದರು. ಆ ರೋಗಕ್ಕೆ ಹೊಸ ಔಷಧಗಳು ಬಂದಿದ್ದ ಕಾಲವದು. ರೋಗಿಗಳನ್ನು ಊರಾಚೆ ಕೂಡಿಹಾಕುತ್ತಿದ್ದ ಆಶ್ರಯಧಾಮಗಳನ್ನು ಗುಣಪಡಿಸಿ ಮನೆಗೆ ಕಳುಹಿಸುವ ಆಸ್ಪತ್ರೆಗಳನ್ನಾಗಿ ಮಾರ್ಪಡಿಸುವುದು ಅವರ ಪಾಲಿಗೆ ಬಂದ ಕೆಲಸ. ಉತ್ತರದ ಫೈಜಾಬಾದಿನಲ್ಲಿ ಅವರು ಒಬ್ಬ ಮಲಯಾಳಿ ವೈದ್ಯರ ಮನೆಯಲ್ಲಿ ಇದ್ದರು. ಆ ವೈದ್ಯರ ತಂಗಿ ಎಲಿಜಬೆತ್ ಜೇಕಬ್ ಎಂಬಾಕೆಯೂ ವೈದ್ಯೆ. ಇಬ್ಬರ ಮನಸ್ಸೂ ಒಂದಾಯಿತು. ಎರಡು ಕಡೆಯ ಕುಟುಂಬಗಳಿಗೂ ಈ ಸಂಬಂಧವು ಹಿಡಿಸಲಿಲ್ಲ. ಇವರು ಜಗಳವಾಡಲೂ ಇಲ್ಲ, ಬಿಟ್ಟುಕೊಡಲೂ ಇಲ್ಲ, ಕಾದರು. 1948ರಲ್ಲಿ ವಿವಾಹವಾಯಿತು.

ನವದಂಪತಿಗಳು ವಿಹಾರಕ್ಕಾಗಿ ಹಿಮಾಲಯದ ಪಿತೋರಾಗಢದ ಕಡೆಗೆ ಹೊರಟರು. ಬಂದವರಲ್ಲಿ ಒಬ್ಬಾಕೆ ವೈದ್ಯೆಯೆಂಬ ಸುದ್ದಿ ಬೆಟ್ಟದ ಹಳ್ಳಿಗಳಲ್ಲಿ ಹರಡಿತು. ರೋಗಿಗಳು ಹುಡುಕಿಕೊಂಡು ಬರತೊಡಗಿದರು. ಹತ್ತಿರದಲ್ಲಿ ಬೇರೆ ಆಸರೆಯಿಲ್ಲದ ಜನರನ್ನು ಹೇಗೆ ಹಿಂದಕ್ಕೆ ಕಳುಹಿಸುವುದು? ಬೆಟ್ಟದ ಇಳುಕಲಿನಲ್ಲಿ ಮನೆಯನ್ನೂ ಆಸ್ಪತ್ರೆಯನ್ನೂ ಕಟ್ಟಿಕೊಂಡು ಅವರು ಅಲ್ಲಿಯೇ ನಿಂತುಬಿಟ್ಟರು. ಕೆಲವು ದಿನಗಳ ವಿಹಾರಕ್ಕೆಂದು ಹೋದವರು ಉಳಿದದ್ದು ಹದಿನಾರು ವರ್ಷ! ಪತ್ನಿ ಚಿಕಿತ್ಸೆ ಮಾಡಿದರೆ ಪತಿ ಗೋಡೆ ಕಟ್ಟುವರು, ಮಧ್ಯೆ ಕರೆದರೆ ಶಸ್ತ್ರಚಿಕಿತ್ಸೆಗೂ ಸಹಾಯಕರಾಗಿ ನಿಲ್ಲುವರು. ದಾಂಪತ್ಯಕ್ಕೆ ಇದಕ್ಕಿಂತ ಗಟ್ಟಿಯಾದ ತಳಪಾಯವನ್ನು ಯಾವ ಶಿಲ್ಪಿ ಹಾಕಬಲ್ಲನು?

ಬೇಕರರ ನಿಜವಾದ ವಿದ್ಯಾಭ್ಯಾಸವು ನಡೆದದ್ದು ಈ ಬೆಟ್ಟಗಳಲ್ಲಿ. ಅವರು ಕಲಿತು ಬಂದಿದ್ದ ಪಾಠಗಳು ಉಕ್ಕು, ಕಾಂಕ್ರೀಟುಗಳ ಪಾಠಗಳು. ಇಲ್ಲಿ ಇದ್ದದ್ದು ಕಲ್ಲು, ಮಣ್ಣು, ಮರ, ಸಗಣಿ. ಮೊದಮೊದಲು ಇದೊಂದು ಕೊರತೆಯೆಂದೇ ಅವರಿಗೆ ತೋರಿತು. ಆದರೆ ಅಕ್ಷರ ಬಾರದ ಹಳ್ಳಿಯ ಕಲ್ಲುಕುಟಿಗನು ಕಟ್ಟಿದ ಮನೆ ಚಳಿಯಲ್ಲಿ ಬೆಚ್ಚಗೂ ಬೇಸಗೆಯಲ್ಲಿ ತಣ್ಣಗೂ ಇದ್ದು, ಭಾರಿಯ ಮಳೆಗೂ ಜಗ್ಗದೆ ನಿಂತಿರುವುದನ್ನು ಕಂಡಾಗ ಅವರ ಕಣ್ಣು ತೆರೆಯಿತು. ಸೂರು ಏಕೆ ಇಷ್ಟು ಮುಂದಕ್ಕೆ ಚಾಚಿದೆ, ಕಿಟಕಿ ಏಕೆ ಇಷ್ಟು ಚಿಕ್ಕದು, ಬಾಗಿಲು ಏಕೆ ಈ ದಿಕ್ಕಿಗೆ ಎಂಬ ಒಂದೊಂದು ಪ್ರಶ್ನೆಗೂ ಒಂದೊಂದು ಉತ್ತರವಿದ್ದಿತು. ನೂರಾರು ವರ್ಷಗಳ ಪ್ರಯೋಗದಿಂದ ಬಂದ ಉತ್ತರ. ಇಂಥ ವಿದ್ಯೆಯನ್ನು ಕಾಲೇಜುಗಳಲ್ಲಿ ಬೋಧಿಸುವ ನಾವು 'ಹಿಂದುಳಿದ ಪದ್ಧತಿ' ಎಂಬ ಒಂದು ಮಾತಿನಿಂದ ತಳ್ಳಿಹಾಕುವುದುಂಟು.

1963ರಲ್ಲಿ ಕುಟುಂಬವು ಕೇರಳದ ಬೆಟ್ಟಸೀಮೆಯಾದ ವಾಗಮಣ್ಣಿಗೆ ಬಂದಿತು; ಕೆಲವು ವರ್ಷಗಳ ತರುವಾಯ ತಿರುವನಂತಪುರದಲ್ಲಿ ನೆಲಸಿತು. ಅಲ್ಲಿನ ಆರ್ಚ್‌ಬಿಷಪ್ ಬೆನೆಡಿಕ್ಟ್ ಮಾರ್ ಗ್ರೆಗೋರಿಯೋಸ್‌ರವರು ಬಡವರಿಗಾಗಿ ಕಡಮೆ ವೆಚ್ಚದ ಮನೆಗಳನ್ನು ಕಟ್ಟಿಕೊಡುವಿರಾ ಎಂದು ಕೇಳಿದರು. ಬೇಕರರಿಗೆ ಆಗ ಐವತ್ತು ದಾಟಿದ್ದಿತು. ಅನೇಕರು ವಿಶ್ರಾಂತಿಯನ್ನು ನೆನೆಯುವ ಆ ವಯಸ್ಸಿನಲ್ಲಿ ಅವರ ಜೀವನದ ದೊಡ್ಡ ಕಾರ್ಯವು ಆರಂಭವಾಯಿತು.

ಆ ಕಾರ್ಯದ ಗುಟ್ಟೇನು? ಕಟ್ಟಡದ ಪ್ರತಿಯೊಂದು ಭಾಗವನ್ನೂ ಮುಂದೆ ನಿಲ್ಲಿಸಿಕೊಂಡು, 'ನೀನು ಇಲ್ಲಿ ಮಾಡುವ ಕೆಲಸವೇನು?' ಎಂದು ಕೇಳುವುದು. ಉತ್ತರ ಬಾರದಿದ್ದರೆ ಅದನ್ನು ಬಿಟ್ಟುಬಿಡುವುದು. ಎರಡು ಮೂರು ಉದಾಹರಣೆಗಳಿಂದ ಇದು ಸ್ಪಷ್ಟವಾದೀತು.

ಮೊದಲನೆಯದು ಗೋಡೆ. ನಾವು ಸಾಮಾನ್ಯವಾಗಿ ಇಟ್ಟಿಗೆಯನ್ನು ಮಲಗಿಸಿ ಕಟ್ಟುತ್ತೇವೆ. ಬೇಕರರು ಅದನ್ನು ಅಂಚಿನ ಮೇಲೆ ನಿಲ್ಲಿಸಿ ಕಟ್ಟಿಸಿದರು. ಗೋಡೆಯ ಹೊರಮುಖಕ್ಕೆ ಒಂದು ಸಾಲು, ಒಳಮುಖಕ್ಕೆ ಒಂದು ಸಾಲು, ಅಲ್ಲಲ್ಲಿ ಎರಡನ್ನೂ ಕೂಡಿಸುವ ಅಡ್ಡ ಇಟ್ಟಿಗೆ. ಮಧ್ಯದಲ್ಲಿ ಬರಿಯ ಪೊಳ್ಳು. ಮೇಲಿನಿಂದ ನೋಡಿದರೆ ಇಲಿಬೋನಿನಂತೆ ಕಾಣುವುದರಿಂದ ಇದಕ್ಕೆ 'ಇಲಿಬೋನಿನ ಕಟ್ಟು' ಎಂದೇ ಹೆಸರು. ಈ ಪದ್ಧತಿ ಅವರು ಹೊಸದಾಗಿ ಕಂಡುಹಿಡಿದದ್ದಲ್ಲ, ಇಂಗ್ಲೆಂಡಿನಲ್ಲಿ ಮೊದಲೇ ಇದ್ದದ್ದು. ಅದನ್ನು ನಮ್ಮ ಬಡವನ ಮನೆಗೆ ತಂದುಕೊಟ್ಟ ಶ್ರೇಯಸ್ಸು ಮಾತ್ರ ಅವರದು. ನಾಲ್ಕು ಇಟ್ಟಿಗೆಗಳ ಸ್ಥಳದಲ್ಲಿ ಸುಮಾರು ಮೂರು ಸಾಕಾಗುತ್ತವೆ. ಗೋಡೆಯ ದಪ್ಪವು ಮಾತ್ರ ಕಡಮೆಯಾಗುವುದಿಲ್ಲ. ನಡುವೆ ಸಿಕ್ಕಿಕೊಂಡ ಗಾಳಿಯು ಹೊರಗಿನ ಬಿಸಿಲನ್ನು ಒಳಕ್ಕೆ ಬೇಗ ಬಿಡುವುದಿಲ್ಲವಾದುದರಿಂದ ಮನೆಯೂ ತಂಪು.

ಎರಡನೆಯದು ತಾರಸಿ. ಕಾಂಕ್ರೀಟಿನ ಹಲಗೆಯ ಮೇಲೆ ಭಾರ ಬಿದ್ದಾಗ ಮೇಲ್ಭಾಗವು ಅದುಮಿಕೊಳ್ಳುತ್ತದೆ, ಕೆಳಭಾಗವು ಜಗ್ಗುತ್ತದೆ. ಅದುಮನ್ನು ತಡೆಯುವ ಶಕ್ತಿ ಕಾಂಕ್ರೀಟಿಗೆ ಉಂಟು. ಜಗ್ಗನ್ನು ತಡೆಯುವುದು ಕಬ್ಬಿಣದ ಕೆಲಸ. ಹಾಗಾದರೆ ಕೆಳಭಾಗದಲ್ಲಿ, ಕಂಬಿಗಳ ನಡುವೆ ತುಂಬಿದ ಕಾಂಕ್ರೀಟು ಮಾಡುವುದೇನು? ಹೆಚ್ಚೇನೂ ಇಲ್ಲ, ತನ್ನ ಭಾರವನ್ನು ತಾನೇ ಹೊರಿಸುತ್ತದೆ. ಆ ಜಾಗದಲ್ಲಿ ಬೇಕರರು ಹಗುರವಾದ ಹಳೆಯ ಹಂಚುಗಳನ್ನು ಒಂದರ ಮೇಲೊಂದು ಕವುಚಿ ಇಡಿಸಿದರು. ಸಿಮೆಂಟು ಉಳಿಯಿತು, ತಾರಸಿ ಹಗುರವಾದುದರಿಂದ ಕಬ್ಬಿಣವೂ ಉಳಿಯಿತು. ಈ ಹಂಚು ಬೇರೆ ಯಾವುದೂ ಅಲ್ಲ, ನಮ್ಮ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ತೆರೆದ ಕಾರ್ಖಾನೆಯಿಂದ ಹೊರಟು ಪಶ್ಚಿಮ ಕರಾವಳಿಯ ಮನೆಮನೆಯ ಮೇಲೇರಿದ ಈ ವಸ್ತು, ಕಾಂಕ್ರೀಟಿನ ಕಾಲದಲ್ಲಿ ಮೂಲೆಗೆ ಬಿದ್ದು, ಬೇಕರರ ಕೈಯಲ್ಲಿ ಪುನರ್ಜನ್ಮವನ್ನು ಪಡೆಯಿತು.

ಮೂರನೆಯದು ಕಿಟಕಿ. ಕಿಟಕಿಯೆಂದರೆ ಮರದ ಚೌಕಟ್ಟು, ಬಾಗಿಲು, ಗಾಜು, ಕಬ್ಬಿಣದ ಸರಳು. ಗೋಡೆಯ ಅಷ್ಟೇ ಅಗಲದ ಭಾಗಕ್ಕಿಂತ ಅದರ ಬೆಲೆ ಎಷ್ಟೋ ಮಡಿ ಹೆಚ್ಚು. ನಮಗೆ ಬೇಕಾದದ್ದು ಬೆಳಕು, ಗಾಳಿ ಮತ್ತು ಕಳ್ಳನಿಂದ ರಕ್ಷಣೆಯಾದರೆ, ಇಟ್ಟಿಗೆಗಳ ಮಧ್ಯೆ ಸಂದು ಬಿಟ್ಟು ಕಟ್ಟಿದ ಜಾಲಂಧ್ರವೇ ಸಾಲದೆ? ಬೇಲೂರಿನ ಗುಡಿಯಲ್ಲಿ ಕಲ್ಲಿನ ಜಾಲಂಧ್ರಗಳ ಮೂಲಕ ಬೆಳಕು ಶೋಧಿಸಿಕೊಂಡು ಒಳಗೆ ಬರುವುದನ್ನು ಕಂಡಿರುವ ನಮಗೆ ಇದರ ಸೊಗಸನ್ನು ಬಣ್ಣಿಸಬೇಕಾಗಿಲ್ಲ. ಬಾಗಿಲ ಮೇಲೆ ಕಾಂಕ್ರೀಟಿನ ತೊಲೆಗೆ ಬದಲಾಗಿ ಇಟ್ಟಿಗೆಯ ಕಮಾನು, ಸಿಮೆಂಟಿಗೆ ಬದಲಾಗಿ ಆದಷ್ಟು ಮಟ್ಟಿಗೆ ಸುಣ್ಣ, ಗೋಡೆಗೆ ಗಿಲಾವೂ ಇಲ್ಲ, ಬಣ್ಣವೂ ಇಲ್ಲ. ಸಿಮೆಂಟನ್ನು ಮಾಡಲು ಸುಮಾರು 1450 ಡಿಗ್ರಿಗಳವರೆಗೆ ಕಾಯಿಸಬೇಕು. ಸುಣ್ಣಕ್ಕೆ ಅದಕ್ಕಿಂತ ಬಹಳ ಕಡಮೆಯ ಉರಿ ಸಾಕು. ಉರಿಯುವ ಸೌದೆ, ಕಲ್ಲಿದ್ದಲುಗಳ ಲೆಕ್ಕವನ್ನು ಮನೆಯ ಲೆಕ್ಕದಲ್ಲಿ ಸೇರಿಸಬೇಕೆಂದು ಅವರು ಹೇಳುತ್ತಿದ್ದ ಕಾಲದಲ್ಲಿ ಕೇಳುವವರು ಕಡಮೆ. ಈಗ ಲೋಕವೆಲ್ಲ ಆ ಲೆಕ್ಕವನ್ನೇ ಹಾಕುತ್ತಿದೆ.

ಇಷ್ಟು ಮಾತ್ರವಾಗಿದ್ದರೆ ಬೇಕರರನ್ನು ಜಾಣ ಇಂಜಿನಿಯರೆಂದು ಹೊಗಳಿ ಮುಗಿಸಬಹುದಾಗಿದ್ದಿತು. ಅವರ ಹಿರಿಮೆ ಬೇರೊಂದು ಕಡೆಯಲ್ಲಿದೆ. ಮನೆ ಬೇಕೆಂದು ಬಂದವರನ್ನು ಅವರು ಮೊದಲು ಕೂರಿಸಿಕೊಂಡು ಕೇಳುತ್ತಿದ್ದರು: ಮನೆಯಲ್ಲಿ ಎಷ್ಟು ಜನ? ಮುದುಕರು ಇದ್ದಾರೆಯೇ? ಮಕ್ಕಳು ಎಲ್ಲಿ ಓದುತ್ತಾರೆ? ಅಡಿಗೆ ಹೇಗೆ? ಕೈಯಲ್ಲಿ ಹಣವೆಷ್ಟು? ಆಮೇಲೆ ನಿವೇಶನಕ್ಕೆ ಹೋಗಿ ಗಾಳಿಯ ದಿಕ್ಕನ್ನೂ ನೀರಿನ ಹರಿವನ್ನೂ ಮರಗಳನ್ನೂ ನೋಡುವರು. ಅಡ್ಡ ಬಂದ ಮರವನ್ನು ಕಡಿಯುವ ಬದಲು ಗೋಡೆಯನ್ನೇ ಬಾಗಿಸುವರು. ದೊಡ್ಡ ಕಚೇರಿಯಿಲ್ಲ, ಗುಮಾಸ್ತರ ಸಾಲಿಲ್ಲ. ನಕ್ಷೆಯನ್ನು ಬರೆಯುತ್ತಿದ್ದದ್ದು ಒಂದು ಮಗ್ಗುಲು ಬಳಸಿ ಬಿಟ್ಟ ಕಾಗದದ ಮೇಲೆ. ದಿನದ ಬಹುಭಾಗವನ್ನು ಮೇಸ್ತ್ರಿಗಳೊಡನೆ ಕಟ್ಟಡದಲ್ಲಿಯೇ ಕಳೆಯುತ್ತಿದ್ದರು. ನಕ್ಷೆಯಲ್ಲಿ ಇಲ್ಲದ್ದು ಸ್ಥಳದಲ್ಲಿ ಹೊಳೆಯುವುದು. ಅದನ್ನು ಅಲ್ಲಿಯೇ ತಿದ್ದುವುದು. ಕೂಲಿಯವನ ಕೈಗೆ ಕೆಲಸವೂ ಗೌರವವೂ ಹೆಚ್ಚಬೇಕು, ಕಾರ್ಖಾನೆಯ ವಸ್ತುವಿಗೆ ಹೋಗುವ ಹಣ ಕಡಮೆಯಾಗಬೇಕು ಎಂಬುದು ಅವರ ಅರ್ಥಶಾಸ್ತ್ರ.

ಅವರ ಕೃತಿಗಳಲ್ಲಿ ಪ್ರಸಿದ್ಧವಾದವು ತಿರುವನಂತಪುರದಲ್ಲಿಯೇ ಇವೆ. ಅರ್ಥಶಾಸ್ತ್ರಜ್ಞ ಕೆ. ಎನ್. ರಾಜ್‌ರವರು ಸ್ಥಾಪಿಸಿದ ಅಭಿವೃದ್ಧಿ ಅಧ್ಯಯನ ಕೇಂದ್ರದ ಕಟ್ಟಡಗಳು 1971ರಿಂದ ಎದ್ದವು. ಗುಡ್ಡದ ಏರಿಳಿತವನ್ನು ಕೆಡಿಸದೆ, ಮರಗಳ ನಡುವೆ ಹಬ್ಬಿದ ಬರಿಯ ಇಟ್ಟಿಗೆಯ ಕಟ್ಟಡಗಳವು. ದೇಶದ ಬಡತನವನ್ನು ಕುರಿತು ವಿಚಾರ ಮಾಡುವವರು ಮಿತವ್ಯಯದ ಸೂರಿನ ಕೆಳಗೇ ಕುಳಿತು ವಿಚಾರ ಮಾಡಿದರು. ರೈಲು ನಿಲ್ದಾಣದ ಬಳಿಯ ಇಂಡಿಯನ್ ಕಾಫಿ ಹೌಸು ಇನ್ನೊಂದು ವಿನೋದ: ಸುರುಳಿಯಾಗಿ ಮೇಲಕ್ಕೆ ಏರುವ ಒಂದೇ ಇಳಿಜಾರು ದಾರಿ, ಅದರ ಅಂಚಿನಲ್ಲಿ ಗೋಡೆಯೊಡನೆಯೇ ಕಟ್ಟಿದ ಮೇಜು, ಪೀಠಗಳು, ಸುತ್ತಲೂ ಜಾಲಂಧ್ರ. ಕೆಲಸಗಾರರೇ ಒಡೆಯರಾಗಿರುವ ಈ ಕಾಫಿ ಹೌಸುಗಳ ಸಹಕಾರ ಸಂಘಗಳಲ್ಲಿ ಮೊದಲನೆಯದು 1957ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಪೂಂತುರದ ಬೆಸ್ತರಿಗಾಗಿ ಕಟ್ಟಿದ ಪುಟ್ಟ ಮನೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸದೆ ಹಿಂದುಮುಂದಾಗಿ ಇರಿಸಿದರು. ಹೀಗೆ ಪ್ರತಿ ಮನೆಗೂ ಒಂದಿಷ್ಟು ಅಂಗಳ, ಕಡಲಿನ ಗಾಳಿ, ಕಡಲಿನ ನೋಟ ದೊರೆಯಿತು.

1985ರಲ್ಲಿ ಕೇರಳದ ಮಾಜಿ ಮುಖ್ಯಮಂತ್ರಿ ಸಿ. ಅಚ್ಯುತ ಮೆನನ್, ಕೆ. ಎನ್. ರಾಜ್, ಟಿ. ಆರ್. ಚಂದ್ರದತ್ತ ಇವರೊಡಗೂಡಿ ಬೇಕರರು ಕಾಸ್ಟ್‌ಫೋರ್ಡ್ ಎಂಬ ಸಂಸ್ಥೆಯನ್ನು ಕಟ್ಟಿದರು. ತಮ್ಮ ವಿದ್ಯೆ ತಮ್ಮೊಡನೆ ಮುಗಿಯಬಾರದೆಂಬುದು ಉದ್ದೇಶ. ಸಾಮಾನ್ಯರಿಗೆ ತಿಳಿಯುವಂತೆ ಕೈಬರಹದಲ್ಲಿಯೇ ಚಿತ್ರಗಳೊಡನೆ ಸಣ್ಣ ಸಣ್ಣ ಪುಸ್ತಿಕೆಗಳನ್ನು ಬರೆದರು. 1989ರಲ್ಲಿ ಭಾರತದ ಪ್ರಜೆಯಾದರು. 1990ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು.

ಇವರ ಕಾರ್ಯಕ್ಕೆ ಆಕ್ಷೇಪಣೆಗಳು ಇಲ್ಲದಿರಲಿಲ್ಲ. ಗಿಲಾವಿಲ್ಲದ ಮನೆ ಅರ್ಧಕ್ಕೆ ನಿಂತ ಮನೆಯಂತೆ ಕಾಣುತ್ತದೆ ಎಂದರು ಕೆಲವರು. ನಿಪುಣ ಮೇಸ್ತ್ರಿಯೂ ಒಳ್ಳೆಯ ಇಟ್ಟಿಗೆಯೂ ಇಲ್ಲದ ಕಡೆ ಈ ಪದ್ಧತಿ ಕೈಕೊಡುತ್ತದೆ ಎಂದರು ಇನ್ನು ಕೆಲವರು. ಎಲ್ಲಕ್ಕಿಂತ ಗಹನವಾದದ್ದು ಮೂರನೆಯ ಆಕ್ಷೇಪಣೆ. 'ಬೇಕರ್ ಮನೆ'ಯನ್ನು ಮೆಚ್ಚಿ ಕಟ್ಟಿಸಿಕೊಂಡವರಲ್ಲಿ ಪ್ರೊಫೆಸರುಗಳೂ ಅಧಿಕಾರಿಗಳೂ ಬಹಳ ಮಂದಿ. ಬಡವನಿಗೆ ಬೇಕಾದದ್ದಾದರೋ ಪಟ್ಟಣದ ಸಾಹುಕಾರನ ಮನೆಯಂತೆ ನುಣ್ಣಗೆ ಮೆತ್ತಿದ ಸಿಮೆಂಟಿನ ಮನೆ. ಈ ಮಾತಿನಲ್ಲಿ ಸತ್ಯವಿದೆ. ಆದರೆ ತಪ್ಪನ್ನು ಬಡವನ ಮೇಲೆ ಹೊರಿಸುವುದು ನ್ಯಾಯವಲ್ಲ. ಮಣ್ಣಿನ ಗೋಡೆ ದಾರಿದ್ರ್ಯದ ಗುರುತು, ಸಿಮೆಂಟು ಮರ್ಯಾದೆಯ ಗುರುತು ಎಂದು ಅವನಿಗೆ ಕಲಿಸಿದವರು ಯಾರು? ನಾವಲ್ಲವೆ? ಬೇಕರರಾದರೋ ಬಡವನಿಗೊಂದು ಶಾಸ್ತ್ರ, ತನಗೊಂದು ಶಾಸ್ತ್ರ ಎಂದು ಇಟ್ಟುಕೊಂಡವರಲ್ಲ. ತಿರುವನಂತಪುರದ ನಾಲಾಂಚಿರದಲ್ಲಿ, ಬಂಡೆಗಳಿಂದ ತುಂಬಿದ ಗುಡ್ಡದ ಪಕ್ಕದಲ್ಲಿ, ಅವರು 'ಹ್ಯಾಮ್ಲೆಟ್' ಎಂದು ಹೆಸರಿಟ್ಟು ಕಟ್ಟಿಕೊಂಡ ಮನೆಯನ್ನು ನೋಡಿದರೆ ಇದು ತಿಳಿಯುತ್ತದೆ.

ಒಂದೇ ಸಲ ನಕ್ಷೆ ಹಾಕಿ ಎಬ್ಬಿಸಿದ ಮನೆ ಅದಲ್ಲ. ಬೇಕಾದಾಗ ಬೇಕಾದಷ್ಟು ಸೇರುತ್ತ, ಮಕ್ಕಳು ಬೆಳೆದಂತೆ ತಾನೂ ಬೆಳೆದ ಮನೆ. ಹಳೆಯ ಮನೆಗಳ ಕೆತ್ತನೆಯ ಮರ, ಒಡೆದ ಹಂಚು, ಬಣ್ಣದ ಗಾಜಿನ ಶೀಸೆಗಳು ಎಲ್ಲವೂ ಅಲ್ಲಿ ಗೋಡೆಗಳಲ್ಲಿ ಸ್ಥಳವನ್ನು ಪಡೆದಿವೆ. ಆ ದಂಪತಿಗಳು ಮೂವರು ಮಕ್ಕಳನ್ನು ಸಾಕಿ ಬೆಳೆಸಿದರು. ಇಬ್ಬರೂ ತಮ್ಮ ತಮ್ಮ ವೃತ್ತಿಗಳಲ್ಲಿ ಹಣವನ್ನು ಕೂಡಿಹಾಕಬಹುದಾಗಿದ್ದಿತು; ಕೂಡಿಹಾಕಲಿಲ್ಲ. ಪರೋಪಕಾರಿಗಳಾದ ದೊಡ್ಡವರ ಮನೆಯವರು ಆ ಉಪಕಾರದ ಬೆಲೆಯನ್ನು ಮೌನವಾಗಿ ತೆರುತ್ತಿರುವುದನ್ನು ನಾವು ಚರಿತ್ರೆಯಲ್ಲಿ ಹಲವು ಕಡೆ ಕಾಣುತ್ತೇವೆ. ಇಲ್ಲಿ ಹಾಗಾಗಲಿಲ್ಲ. ಎಲಿಜಬೆತ್ತರು ಗಂಡನ ಕೆಲಸಕ್ಕೆ ಬಲಿಯಾದವರಲ್ಲ. ಅವರು ಆ ಕೆಲಸದ ಕಾರಣವೇ ಆಗಿದ್ದರು. ಪಿತೋರಾಗಢದಲ್ಲಿ ರೋಗಿಗಳು ಹುಡುಕಿಕೊಂಡು ಬಂದದ್ದು ಅವರನ್ನು. ಸಂಸಾರ, ಸಮಾಜ ಎಂಬ ಎರಡು ಕರ್ತವ್ಯಗಳು ಒಂದರ ಅನ್ನವನ್ನು ಇನ್ನೊಂದು ಕಸಿದುಕೊಳ್ಳದೆ ಒಂದೇ ಸೂರಿನ ಕೆಳಗೆ ಬಾಳಬಲ್ಲವು ಎಂಬುದಕ್ಕೆ ಈ ಮನೆ ಸಾಕ್ಷಿ.

ಮಿತವ್ಯಯವೆಂದರೆ ಜಿಪುಣತನವೆಂದು ತಿಳಿಯುವುದು ನಮ್ಮಲ್ಲಿ ವಾಡಿಕೆ. ಜಿಪುಣನು ತನಗಾಗಿ ಉಳಿಸುತ್ತಾನೆ. ಬೇಕರರು ಉಳಿಸಿದ್ದು ಕಾಣದ ಇನ್ನೊಬ್ಬನಿಗಾಗಿ. ನಾಲ್ಕರಲ್ಲಿ ಉಳಿದ ಒಂದು ಇಟ್ಟಿಗೆ ಇನ್ನೊಂದು ಗೋಡೆಗೆ ಬರುತ್ತದೆ. ಉರಿಯದೆ ಉಳಿದ ಸೌದೆ ಇನ್ನೊಂದು ತಲೆಮಾರಿಗೆ ನೆರಳಾಗಿ ನಿಲ್ಲುತ್ತದೆ. ನೆಲದಲ್ಲಿಯೂ ಮರದಲ್ಲಿಯೂ ಎಲ್ಲರ ಪಾಲು ಇದೆಯೆಂದು ತಿಳಿದು, ತನ್ನ ಪಾಲಿಗಿಂತ ಹೆಚ್ಚನ್ನು ತೆಗೆದುಕೊಳ್ಳಲು ಸಂಕೋಚಪಡುವುದು ಪ್ರೀತಿಯ ಒಂದು ರೂಪವೇ ಸರಿ. ಮನೆ ಕಟ್ಟಿಸಬೇಕೆಂದಿರುವ ನಮ್ಮ ಕೇಳುಗರು ಬೇಕರರ ಗೋಡೆಯನ್ನೇ ಕಟ್ಟಿಸಬೇಕೆಂದು ನಾವು ಹೇಳುವುದಿಲ್ಲ. ಬೆಂಗಳೂರಿನ ಮಣ್ಣು ಬೇರೆ, ಮಳೆ ಬೇರೆ, ಮೇಸ್ತ್ರಿ ಬೇರೆ. ಮೇಸ್ತ್ರಿಯು ಅಂದಾಜುಪಟ್ಟಿಯನ್ನು ಮುಂದೆ ಇಟ್ಟಾಗ ಅದರ ಪ್ರತಿಯೊಂದು ಬಾಬಿನ ಎದುರಿನಲ್ಲಿ ಒಂದು ಕ್ಷಣ ನಿಂತು, 'ಇದು ನನಗೆ ಬೇಕೆ, ಅಥವಾ ನೋಡುವವರಿಗೆ ಬೇಕೆ?' ಎಂದು ಕೇಳಿಕೊಂಡರೆ ಸಾಕು. ಅಷ್ಟು ಮಾಡಿದವನಿಗೆ ಮನೆಯೂ ಸಿಕ್ಕೀತು, ರಾತ್ರಿಯ ನಿದ್ರೆಯೂ ಉಳಿದೀತು.